ಭಾವಚಿತ್ರದಲ್ಲಿ ಭಾವವೆಲ್ಲಿ?

ದಾವಣಗೆರೆ ಮತ್ತು ಹರಿಹರಗಳ ನಡುವಿನ ಬಾತಿಯ ಮನೆಯೊಂದರಲ್ಲಿ ಈಚೆಗೆ ವೃದ್ಧೆಯೊಬ್ಬರ ಪೆನ್ಸಿಲ್ ಚಿತ್ರವನ್ನು ನೋಡುವ ಸಂದರ್ಭ ಒದಗಿತು. ಬಿಡಿಸಿದವನು ಆಕೆಯ ಮೊಮ್ಮಗ, ಚಿತ್ರಕಲೆಯ ವಿದ್ಯಾರ್ಥಿ. ನೋಡಿದವರೆಲ್ಲರೂ ‘ಅಜ್ಜಿ ಇದ್ದಂಗೇ ಐತಿ’ ಎಂದು ಮೆಚ್ಚಿದರು. ಈ ಮೆಚ್ಚುಗೆ ಸುಳ್ಳಲ್ಲ, ಆದರೆ ಅಪೂರ್ಣ. ಹೋಲಿಕೆಯೊಂದೇ ಗುರಿಯಾಗಿದ್ದರೆ ಛಾಯಾಚಿತ್ರವೇ ಸಾಕಾಗುತ್ತಿತ್ತು.

ಈ ಭೇದವನ್ನು ಕನ್ನಡ ನೆಲದ ದೊರೆಯೊಬ್ಬನು 12ನೆಯ ಶತಮಾನದಲ್ಲಿಯೇ ಗುರುತಿಸಿದ್ದಾನೆಂಬುದು ಗಮನಾರ್ಹ. ಕಲ್ಯಾಣ ಚಾಲುಕ್ಯರ ಮೂರನೆಯ ಸೋಮೇಶ್ವರನು ತನ್ನ ಸಂಸ್ಕೃತ ಗ್ರಂಥವಾದ ‘ಮಾನಸೋಲ್ಲಾಸ’ದಲ್ಲಿ, ಕನ್ನಡಿಯ ಪ್ರತಿಬಿಂಬದಂತಿರುವುದನ್ನು ‘ವಿದ್ಧಚಿತ್ರ’ವೆಂದೂ, ನೋಡಿದೊಡನೆಯೇ ಶೃಂಗಾರಾದಿ ರಸಗಳು ತಿಳಿಯುವಂತಿರುವುದನ್ನು ‘ಭಾವಚಿತ್ರ’ವೆಂದೂ ಕರೆಯುತ್ತಾನೆ. ಕಾಡಿಗೆಯನ್ನು ಅನ್ನದೊಡನೆ ಅರೆದು ಮಾಡಿದ ‘ವರ್ತಿಕೆ’ಯೆಂಬ ಕಡ್ಡಿಯಿಂದ ಚಿತ್ರ ಬರೆಯುವುದನ್ನೂ ಹೇಳುತ್ತಾನೆ. ನಾವಾದರೋ ಅರ್ಜಿಗೆ ಅಂಟಿಸುವ ಫೋಟೋವನ್ನೇ ‘ಭಾವಚಿತ್ರ’ವೆನ್ನುತ್ತೇವೆ. ಪದ ಉಳಿದಿದೆ, ಅದರೊಳಗಿನ ಭಾವ ಜಾರಿಹೋಗಿದೆ.

ಪ್ರಸ್ತುತ ಚಿತ್ರವನ್ನು ಈ ದೃಷ್ಟಿಯಿಂದ ಪರಿಶೀಲಿಸಬಹುದು. ಕೆನ್ನೆಯ ಸುಕ್ಕುಗಳನ್ನು ಗಟ್ಟಿ ಪೆನ್ಸಿಲ್ಲಿನ ತೆಳುಗೆರೆಗಳಲ್ಲಿ ಎಳೆಯಲಾಗಿದೆ. ಕಣ್ಣಿನ ಕುಳಿಯಲ್ಲಿ ಮೆದು ಪೆನ್ಸಿಲ್ಲನ್ನು ಪದರ ಪದರವಾಗಿ ಆಡಿಸಿ ಕಪ್ಪನ್ನು ಕಟ್ಟಲಾಗಿದೆ. ವಿಷ್ಣುಧರ್ಮೋತ್ತರ ಪುರಾಣದ ಚಿತ್ರಸೂತ್ರವು ಛಾಯೆ ತುಂಬುವ ಈ ಕ್ರಿಯೆಯನ್ನು ‘ವರ್ತನ’ವೆಂದು ಕರೆದು, ಗೆರೆಗಳಿಂದಾಗುವ ‘ಪತ್ರಜ’, ಚುಕ್ಕೆಗಳಿಂದಾಗುವ ‘ಬಿಂದುಜ’ ಮೊದಲಾದ ಪ್ರಭೇದಗಳನ್ನು ಹೇಳುತ್ತದೆ. ನರೆಗೂದಲಿಗೆ ಮಾತ್ರ ಗೆರೆಗಳೇ ಇಲ್ಲವೆನ್ನಬಹುದು. ಕಾಗದದ ಬಿಳುಪೇ ನರೆಯಾಗಿದೆ. ತಲೆಯ ಮೇಲಿನ ಸೆರಗು ಹೆಗಲಿಗೆ ಬರುವಷ್ಟರಲ್ಲಿ ಅಪೂರ್ಣವಾಗಿ ನಿಲ್ಲುತ್ತದೆ. ದಟ್ಟವಾದ ಕಣ್ಣು ಮತ್ತು ಮುಗಿಯದ ಸೆರಗು, ಇವೆರಡರ ನಡುವೆ ಯಾರನ್ನೋ ಕಾಯುತ್ತಿರುವ ಭಾವವೊಂದು ಮೂಡುತ್ತದೆ. ಆ ಭಾವ ಮುಖದ ಹೋಲಿಕೆಯಿಂದ ಬಂದುದಲ್ಲ, ಕೈಯ ಒತ್ತಡದಿಂದ ಮತ್ತು ಬಿಟ್ಟ ಬಯಲಿನಿಂದ ಬಂದುದು.

ಹಳೆಯ ಪರಿಭಾಷೆಯನ್ನು ಹೊಸ ಕಲೆಗೆ ಹಚ್ಚುವುದು ಪ್ರಾಚೀನತೆಯ ವ್ಯಾಮೋಹವೆಂಬ ಆಕ್ಷೇಪವಿರಬಹುದು. ಪದವು ನೋಟವನ್ನು ಹರಿತಗೊಳಿಸದಿದ್ದರೆ ಆ ಆಕ್ಷೇಪ ಸರಿಯೇ. ಆದರೆ ‘ಚೆನ್ನಾಗಿದೆ’, ‘ಹಾಗೆಯೇ ಇದೆ’ ಎಂಬೆರಡು ಮಾತುಗಳಾಚೆಗೆ ಹೋಗಲು ನೆರವಾಗುವುದಾದರೆ ಅದನ್ನು ಬಳಸದಿರುವುದೇ ನಷ್ಟ.

ದಾವಣಗೆರೆಯಲ್ಲಿ 1964ರಿಂದಲೂ ದೃಶ್ಯಕಲೆಯ ಶಿಕ್ಷಣ ನಡೆದುಬಂದಿದೆ. ಕನ್ನಡ ವಿಭಾಗಗಳು ಅಲಂಕಾರಶಾಸ್ತ್ರವನ್ನು ಬೋಧಿಸುವಾಗ ಪದ್ಯದ ಪಕ್ಕದಲ್ಲಿ ಇಂತಹ ಚಿತ್ರವೊಂದನ್ನು ಇಟ್ಟುಕೊಂಡರೆ, ರಸವಿಚಾರವು ಪರೀಕ್ಷೆಯ ಪ್ರಶ್ನೆಯಾಗಿ ಮಾತ್ರ ಉಳಿಯಲಾರದು. ಬಾತಿಯ ಆ ಹುಡುಗನಿಗೂ ತನ್ನ ಕೈ ಮಾಡಿದ ಕೆಲಸಕ್ಕೆ ಕನ್ನಡದಲ್ಲೊಂದು ಹೆಸರು ದೊರೆತೀತು.