ಅರಳುಮರಳೆಂಬ ಮಾತಿನ ಮರೆಯಲ್ಲಿ

ಹಲಸೂರು ಕೆರೆಯ ದಂಡೆಯಲ್ಲಿ ಸಂಜೆಯ ತಿರುಗಾಟಕ್ಕೆ ನನಗೆ ಜೊತೆಯಾಗುತ್ತಿದ್ದ ನಿವೃತ್ತ ಉಪಾಧ್ಯಾಯರೊಬ್ಬರು, ಪತ್ನಿ ತೀರಿಕೊಂಡ ಮೇಲೆ ಬರುವುದನ್ನೇ ನಿಲ್ಲಿಸಿದರು. ವಿಚಾರಿಸಲು ಹೋದಾಗ ಸೊಸೆ, “ಮಾವನವರಿಗೆ ಊಟ ಮಾಡಿದ್ದೂ ನೆನಪಿರುವುದಿಲ್ಲ, ವಯಸ್ಸಾಯಿತಲ್ಲ!” ಎಂದರು. ಒಳಗೆ ಮಲಗಿದ್ದವರು ನನ್ನ ಕೈ ಹಿಡಿದು, “ತಲೆಯೇ ಓಡುವುದಿಲ್ಲ ಸ್ವಾಮಿ, ಕೆಲಸಕ್ಕೆ ಬಾರದವನಾದೆ” ಎಂದರು.

ಅರವತ್ತಕ್ಕೆ ಅರಳುಮರಳೆಂಬ ಗಾದೆ ನಮ್ಮಲ್ಲಿ ಬೇರೂರಿಬಿಟ್ಟಿದೆ. (ಅದೇ ಹೆಸರಿನ ಕೃತಿಗೆ ಬೇಂದ್ರೆಯವರು 1958ರಲ್ಲಿ ಕೇಂದ್ರ ಸಾಹಿತ್ಯ ಅಕಾಡೆಮಿಯ ಪ್ರಶಸ್ತಿ ಪಡೆದರೂ ಗಾದೆಯ ಕುಹಕ ಕರಗಲಿಲ್ಲ.) ಆದರೆ 2023ರಲ್ಲಿ ಪ್ರಕಟವಾದ ಅಖಿಲ ಭಾರತ ಸಮೀಕ್ಷೆಯೊಂದರ ಅಂದಾಜಿನಂತೆ, ಅರವತ್ತು ದಾಟಿದವರಲ್ಲಿ ಡಿಮೆನ್ಷಿಯ ಇರುವವರು ನೂರಕ್ಕೆ 7.4 ಮಾತ್ರ. ಹಾಗಾದರೆ ಮರೆವಿನ ದೂರು ಹೇಳುವ ಮಿಕ್ಕವರ ಗತಿಯೇನು?

ಅವರಲ್ಲಿ ಕೆಲವರನ್ನಾದರೂ ಕಾಡುತ್ತಿರುವುದು ಖಿನ್ನತೆ. ಮುಪ್ಪಿನ ಖಿನ್ನತೆ ಅತ್ತು ತೋರಿಸುವುದು ಕಡಮೆ. ನಿದ್ರೆಗೇಡು, ಮೈಕೈ ನೋವು, ಊಟದಲ್ಲಿ ಅರುಚಿ, ಮಂದವಾದ ಯೋಚನೆ, ಇವೇ ಅದರ ವೇಷಗಳು. ದುಃಖದಲ್ಲಿ ಮುಳುಗಿದ ಮನಸ್ಸು ಎದುರಿನ ಮಾತಿಗೆ ಗಮನ ಕೊಡಲಾರದು. ಪೆಟ್ಟಿಗೆಯಲ್ಲಿ ಇಡದುದನ್ನು ತೆಗೆಯುವುದೆಂತು? ಮನೋವೈದ್ಯ ಲೆಸ್ಲಿ ಕೈಲೋ 1961ರಲ್ಲಿಯೇ ‘ಹುಸಿ ಡಿಮೆನ್ಷಿಯ’ದ ವಿಚಾರವಾಗಿ ಬರೆದಿದ್ದರು. ಖಿನ್ನರು ತಮ್ಮ ಮರೆವನ್ನು ತಾವೇ ದೊಡ್ಡದು ಮಾಡಿ ಹೇಳಿಕೊಳ್ಳುವುದು, ಡಿಮೆನ್ಷಿಯದವರು ಅನೇಕ ವೇಳೆ ಅದನ್ನು ಮುಚ್ಚಿಕೊಳ್ಳುವುದು ವೈದ್ಯರಿಗೆ ಒಂದು ಸುಳಿವು.

‘ಹುಸಿ’ ಎಂಬ ಮಾತು ಮಾತ್ರ ನನಗೆ ಒಪ್ಪಿಗೆಯಿಲ್ಲ. ಲ್ಯಾನ್ಸೆಟ್ ಆಯೋಗವು 2024ರಲ್ಲಿ ಎಣಿಸಿದ, ತಡೆಯಬಹುದಾದ 14 ಅಪಾಯಕಾರಣಗಳಲ್ಲಿ ಖಿನ್ನತೆಯೂ ಒಂದು. ಮುಪ್ಪಿನಲ್ಲಿ ಮೊದಲ ಬಾರಿಗೆ ತೋರುವ ಖಿನ್ನತೆ ಕೆಲವೊಮ್ಮೆ ಡಿಮೆನ್ಷಿಯದ ಮುಂಗುರುತೇ ಆಗಿರುವುದುಂಟು. ಯಾವುದು ಬೀಜ, ಯಾವುದು ಮರವೆಂದು ತಿಳಿಯಲು ವರ್ಷಗಟ್ಟಲೆ ಕಾದು ನೋಡಬೇಕು. ಹಲಸೂರಿನಿಂದ ಕೃಷ್ಣರಾಜಪುರದ ಮೇಲೆ ಸಾಗುವ ಹಳೆಯ ಮದರಾಸು ರಸ್ತೆ ಕೋಲಾರಕ್ಕೆ ಮುಟ್ಟುತ್ತದೆ. ಆ ಜಿಲ್ಲೆಯ ಶ್ರೀನಿವಾಸಪುರದ ಹಳ್ಳಿಗಳಲ್ಲಿ ಭಾರತೀಯ ವಿಜ್ಞಾನ ಸಂಸ್ಥೆಯ ಮಿದುಳು ಸಂಶೋಧನಾ ಕೇಂದ್ರದವರು 45 ದಾಟಿದವರನ್ನು ಹೀಗೆ ಮತ್ತೆ ಮತ್ತೆ ಪರೀಕ್ಷಿಸುವ ಅಧ್ಯಯನ ಕೈಗೊಂಡಿದ್ದಾರೆ.

ದಂಡಿನ ಪ್ರದೇಶದ ತೊಡಕು ಬೇರೆ. ಶಿವಾಜಿನಗರದ ಅಜ್ಜಿಯೊಬ್ಬಳು ಮನೆಯಲ್ಲಿ ದಖನಿ, ತರಕಾರಿಯವನೊಡನೆ ತಮಿಳು, ಕಚೇರಿಯಲ್ಲಿ ಕನ್ನಡ ಆಡುತ್ತಾಳೆ, ಶಾಲೆ ಕಂಡವಳಲ್ಲ. ಅವಳ ಕೈಗೆ ಪೆನ್ಸಿಲು ಕೊಟ್ಟು, ಒಂದೇ ಭಾಷೆಯಲ್ಲಿ ಜ್ಞಾಪಕಶಕ್ತಿಯನ್ನು ಅಳೆದರೆ ಅಳತೆಗೋಲೇ ತಪ್ಪಿದಂತೆ.

ನಮ್ಮ ಉಪಾಧ್ಯಾಯರಿಗೆ ವೈದ್ಯರು ಥೈರಾಯ್ಡ್, ಬಿ12 ನೋಡಿ, ಖಿನ್ನತೆಗೆ ಚಿಕಿತ್ಸೆ ಕೊಟ್ಟರು. ಕೆಲವು ತಿಂಗಳಲ್ಲಿ ಮತ್ತೆ ಕೆರೆಯ ಬಳಿ ಕಂಡರು. ಹಳೆಯ ಶಿಷ್ಯರ ಹೆಸರಿಗೆ ಇನ್ನೂ ತಡವರಿಸುತ್ತಾರೆ. ಆರು ತಿಂಗಳಿಗೊಮ್ಮೆ ಬರಬೇಕೆಂದು ವೈದ್ಯರ ಅಪ್ಪಣೆ. ತಾರೀಖನ್ನು ಸೊಸೆ ಕ್ಯಾಲೆಂಡರಿನಲ್ಲಿ ಗುರುತು ಹಾಕಿಟ್ಟಿದ್ದಾರೆ.