ಸುಂಕ ಶೂನ್ಯ, ತೊಡಕು ನೂರು

ಬ್ರಿಟನ್ 2020ರ ಜನವರಿ 31ರಂದು ಐರೋಪ್ಯ ಒಕ್ಕೂಟವನ್ನು ತೊರೆಯಿತು. 2021ರ ಜನವರಿ 1ರಿಂದ ಅನ್ವಯವಾದ ವ್ಯಾಪಾರ ಒಪ್ಪಂದದ ಪ್ರಕಾರ ಉಭಯತರ ನಡುವೆ ಸುಂಕವಿಲ್ಲ, ಕೋಟಾ ಮಿತಿಯೂ ಇಲ್ಲ. ಆದರೂ ಅಲ್ಲಿನ ಆಹಾರ ಸಂಸ್ಕರಣಾ ಉದ್ಯಮ, ಅದರಲ್ಲೂ ಸಣ್ಣ ಘಟಕಗಳು, ಸಂಕಷ್ಟಕ್ಕೆ ಸಿಲುಕಿದವು. ಇದರ ಕಾರಣಗಳನ್ನು ನಮ್ಮ ರಫ್ತುದಾರರೂ ಅರಿಯಬೇಕು.

ಮೊದಲನೆಯದು, ಸರಕಿನ ಮೂಲವನ್ನು ಕುರಿತ ನಿಯಮ. ಹೊರದೇಶದ ಕಚ್ಚಾ ಸಕ್ಕರೆಯನ್ನು ಬ್ರಿಟನ್ನಿನಲ್ಲಿ ಶುದ್ಧೀಕರಿಸಿದ ಮಾತ್ರಕ್ಕೆ ಅದು ಬ್ರಿಟನ್ನಿನ ಸರಕೆನಿಸುವುದಿಲ್ಲ. ಸುಂಕ ವಿನಾಯಿತಿಯೂ ದೊರೆಯುವುದಿಲ್ಲ.

ಎರಡನೆಯದು, ಆರೋಗ್ಯ ಪ್ರಮಾಣಪತ್ರ. ಮಾಂಸ, ಹಾಲಿನ ಉತ್ಪನ್ನಗಳನ್ನು ಒಕ್ಕೂಟಕ್ಕೆ ಕಳುಹಿಸಲು ಅಧಿಕೃತ ಪಶುವೈದ್ಯರ ಸಹಿ ಬೇಕಾಯಿತು. ದೊಡ್ಡ ಕಂಪನಿ ತನ್ನದೇ ಸರಕಿನಿಂದ ಲಾರಿ ತುಂಬಬಲ್ಲದು. ಸಣ್ಣ ಉದ್ಯಮಿ ಹತ್ತಾರು ಮಂದಿಯೊಡನೆ ಲಾರಿ ಹಂಚಿಕೊಳ್ಳುವವನು. ಒಬ್ಬರ ಕಾಗದಪತ್ರದಲ್ಲಿ ದೋಷವಿದ್ದರೂ ಎಲ್ಲರ ಸರಕೂ ಗಡಿಯಲ್ಲೇ ನಿಲ್ಲುತ್ತದೆ.

ಮೂರನೆಯದು, ನೀತಿಯ ಅನಿಶ್ಚಿತತೆ. ಒಕ್ಕೂಟವು ಮೊದಲ ದಿನದಿಂದಲೇ ತಪಾಸಣೆ ಆರಂಭಿಸಿತು. ಬ್ರಿಟನ್ ತನ್ನ ಆಮದು ತಪಾಸಣೆಯನ್ನು ಪದೇ ಪದೇ ಮುಂದೂಡಿ, ಒಕ್ಕೂಟದ ಆಹಾರ ಸರಕಿನ ಭೌತಿಕ ಪರಿಶೀಲನೆಯನ್ನು 2024ರ ಏಪ್ರಿಲ್ 30ರಂದಷ್ಟೇ ಜಾರಿಗೆ ತಂದಿತು. ಬಳಿಕ 2025ರ ಮೇ 19ರಂದು ಈ ತಪಾಸಣೆಗಳನ್ನು ಸಡಿಲಿಸುವ ಒಪ್ಪಂದಕ್ಕಾಗಿ ಉಭಯತರೂ ಸಮ್ಮತಿಸಿದರು. ದಿನಾಂಕ ನಂಬಿ ಬಂಡವಾಳ ಹೂಡಿದವನಿಗೆ ಇದಕ್ಕಿಂತ ದೊಡ್ಡ ಪೆಟ್ಟು ಬೇರೆಯಿಲ್ಲ.

ಭಾರತವು 2025ರ ಜುಲೈ 24ರಂದು ಬ್ರಿಟನ್ನಿನೊಡನೆ ಸಮಗ್ರ ಆರ್ಥಿಕ ಮತ್ತು ವ್ಯಾಪಾರ ಒಪ್ಪಂದಕ್ಕೆ ಸಹಿ ಹಾಕಿದೆ. ಸುಮಾರು ಶೇ. 99ರಷ್ಟು ಸುಂಕ ಶೀರ್ಷಿಕೆಗಳಲ್ಲಿ ನಮ್ಮ ಸರಕಿಗೆ ಸುಂಕವಿಲ್ಲದ ಪ್ರವೇಶ ನೀಡುವುದು ಅದರ ಆಶಯ. ಇದು ಸ್ವಾಗತಾರ್ಹ. ಆದರೆ ಸುಂಕ ಇಳಿದೊಡನೆ ಮಾರುಕಟ್ಟೆ ಕೈವಶವಾಗದು. ಕರ್ನಾಟಕದ ಮಿಡಿಸೌತೆಯನ್ನೇ ನೋಡೋಣ. ಕರಾರು ಕೃಷಿಯಡಿ ಸಣ್ಣ ರೈತರು ಬೆಳೆಯುವ ಈ ಕಾಯಿ ಸಂಸ್ಕರಣೆಗೊಂಡು ವಿದೇಶಕ್ಕೆ ಹೋಗುತ್ತದೆ. ಬ್ರೆಕ್ಸಿಟ್ ನಂತರ ಬ್ರಿಟನ್ ಕೀಟನಾಶಕ ಶೇಷದ ಮಿತಿಗಳನ್ನು ತಾನೇ ನಿಗದಿಪಡಿಸತೊಡಗಿತು. ಹೀಗಾಗಿ ಲಂಡನ್ನಿಗೂ ರಾಟರ್‌ಡ್ಯಾಮಿಗೂ ಸರಕು ಕಳುಹಿಸುವವರು ಎರಡು ನಿಯಮಾವಳಿಗಳ ಮೇಲೂ ಕಣ್ಣಿಡಬೇಕಾಯಿತು.

ಪರೀಕ್ಷೆ, ದಾಖಲೆಗಳನ್ನು ದೊಡ್ಡ ರಫ್ತುದಾರರೇ ನೋಡಿಕೊಳ್ಳುವರೆಂಬ ವಾದವಿದೆ. ಹಾಗಾದಲ್ಲಿ ಸಣ್ಣ ಘಟಕಗಳು ಅವರ ಪೂರೈಕೆದಾರರಾಗಿಯೇ ಉಳಿದು, ಒಪ್ಪಂದದ ಲಾಭ ಕೆಲವರ ಪಾಲಾಗುತ್ತದೆ. ಆದ್ದರಿಂದ ಕೈಗಾರಿಕಾ ವಸಾಹತುಗಳಲ್ಲಿ ಕೈಗೆಟಕುವ ದರದ ಮಾನ್ಯತೆ ಪಡೆದ ಪ್ರಯೋಗಾಲಯ, ಮೂಲ ದೃಢೀಕರಣಕ್ಕೆ ನೆರವು ಕೇಂದ್ರ, ನಿಯಮ ಬದಲಾದಾಗ ಕನ್ನಡದಲ್ಲಿ ತ್ವರಿತ ಮಾಹಿತಿ, ಈ ಮೂರನ್ನು ಸರ್ಕಾರ ಮತ್ತು ವಾಣಿಜ್ಯ ಸಂಸ್ಥೆಗಳು ಒಟ್ಟಾಗಿ ಒದಗಿಸಬೇಕು. ಬ್ರಿಟನ್ನಿನ ಸಣ್ಣ ಉದ್ಯಮಿ ನಷ್ಟ ತೆತ್ತು ಕಲಿತ ಪಾಠವನ್ನು ನಾವು ನಷ್ಟವಿಲ್ಲದೆ ಕಲಿಯುವುದು ಲೇಸು.