ಎರರ್ ಮೆಸೇಜ್ ಬಂದಿಲ್ಲ ಎಂದರೆ ಬ್ಯಾಕಪ್ ಆಗಿದೆ ಎಂದರ್ಥವೇ?

ಬ್ಯಾಕಪ್ ಆನ್ ಇದೆ, ಎರರ್ ಮೆಸೇಜ್ ಏನೂ ಬಂದಿಲ್ಲ, ಹಾಗಾಗಿ ಫೈಲ್‌ಗಳು ಭದ್ರ ಎಂದು ಹಲವರು ನಂಬಿರುತ್ತಾರೆ. ಇದು ಎಷ್ಟು ನಿಜ?

ಬ್ಯಾಕಪ್ ವ್ಯವಸ್ಥೆ ಪ್ರತಿ ಬಾರಿಯೂ ಒಂದು ಲಾಗ್ ಬರೆದಿಡುತ್ತದೆ. ಯಾವಾಗ ಶುರುವಾಯಿತು, ಏನು ನಕಲಾಯಿತು, ಯಾವುದು ವಿಫಲವಾಯಿತು ಎಂಬ ದಿನಚರಿ ಅದು. ಕಂಪನಿಗಳಲ್ಲಿ ಈ ವರದಿ ತಾನಾಗಿಯೇ ಸಿಬ್ಬಂದಿಯ ಇಮೇಲ್‌ಗೆ ಹೋಗುತ್ತದೆ.

ಆ ಇಮೇಲೇ ತಲುಪದಿದ್ದರೆ? ಸಾಫ್ಟ್‌ವೇರ್ ಕೋಡ್ ಇಡುವ ಗಿಟ್‌ಲ್ಯಾಬ್ ತಾಣದಲ್ಲಿ 2017ರ ಜನವರಿ 31ರಂದು ಸಿಬ್ಬಂದಿಯೊಬ್ಬರು ತಪ್ಪಿ ಮುಖ್ಯ ಡೇಟಾಬೇಸ್ ಅಳಿಸಿದರು. ಬ್ಯಾಕಪ್ ಹುಡುಕಿದರೆ ಜಾಗ ಖಾಲಿ! ಡೇಟಾಬೇಸ್ 9.6ನೇ ಆವೃತ್ತಿಯದು, ಬ್ಯಾಕಪ್ ಸಾಧನ 9.2ರದು, ಎರಡೂ ಹೊಂದದೆ ಬ್ಯಾಕಪ್ ವಿಫಲವಾಗುತ್ತಿತ್ತು. ಎಚ್ಚರಿಕೆಯ ಇಮೇಲ್‌ಗಳಿಗೆ ಡಿಜಿಟಲ್ ಸಹಿ ಇಲ್ಲವೆಂದು ಸರ್ವರ್ ಅವನ್ನು ತಿರಸ್ಕರಿಸುತ್ತಿತ್ತು. ಸುಮಾರು 6 ಗಂಟೆ ಮೊದಲು ಕೈಯಾರೆ ತೆಗೆದಿದ್ದ ನಕಲೊಂದು ಕಾಪಾಡಿತು. ನಂತರದ ಬದಲಾವಣೆಗಳು ಮಾತ್ರ ಮರಳಿ ಸಿಗಲಿಲ್ಲ.

ಆದ್ದರಿಂದ ವಿಫಲವಾದಾಗ ಮಾತ್ರವಲ್ಲ, ಯಶಸ್ವಿಯಾದಾಗಲೂ ವರದಿ ಬರಬೇಕು. ಬಾರದ ದಿನವೇ ಎಚ್ಚರಿಕೆ.

ನಮ್ಮ ಫೋನ್‌ಗೂ ಇದೇ ಮಾತು. ವಾಟ್ಸಾಪ್ ಸೆಟ್ಟಿಂಗ್ಸ್‌ನಲ್ಲಿ ಚಾಟ್ಸ್, ನಂತರ ಚಾಟ್ ಬ್ಯಾಕಪ್ ತೆರೆಯಿರಿ. ಕೊನೆಯ ಬ್ಯಾಕಪ್‌ನ ದಿನಾಂಕ ಹಳೆಯದಾಗಿದ್ದರೆ ಸ್ಟೋರೇಜ್ ತುಂಬಿದೆಯೇ ನೋಡಿ.

ಸಹಾಯಕ್ಕೆಂದು ಲಾಗ್‌ನ ಸ್ಕ್ರೀನ್‌ಶಾಟನ್ನು ಗ್ರೂಪ್‌ಗೆ ಹಾಕುವ ಮುನ್ನ ಗಮನಿಸಿ: ಅದರಲ್ಲಿ ನಿಮ್ಮ ಇಮೇಲ್ ವಿಳಾಸ, ಫೈಲ್‌ಗಳ ಹೆಸರು ಇರಬಹುದು. ಅವನ್ನು ಮರೆಮಾಡಿ.

ಎರರ್ ಬಂದಿಲ್ಲ ಎಂಬುದು ಬ್ಯಾಕಪ್‌ಗೆ ಪುರಾವೆಯಲ್ಲ. ಅಳಿಸಿದರೂ ಚಿಂತೆಯಿಲ್ಲದ ಒಂದು ಫೈಲನ್ನು ಮರಳಿ ಪಡೆದು ನೋಡಿ. ಅದು ತೆರೆದುಕೊಂಡರೆ ಮಾತ್ರ ನಂಬಬಹುದು.